ಮುಂಬೈಯಲ್ಲಿ ಹೊಸ ಬೆಲೆ, ಹೈದರಾಬಾದಿನಲ್ಲಿ ಹಳೆಯದು

ಪ್ರಶ್ನೆ: ನಮ್ಮ ಮಾರಾಟದ ಜಾಲತಾಣಕ್ಕೆ ಮುಂಬೈ ಮತ್ತು ಹೈದರಾಬಾದಿನಲ್ಲಿ ಎರಡು ಸರ್ವರ್ ಕ್ಲಸ್ಟರ್‌ಗಳಿವೆ, ಎರಡರಲ್ಲೂ ಪ್ರತ್ಯೇಕ ರೆಡಿಸ್ ಕ್ಯಾಶ್ (ಬೇಗ ಓದಲು ಮೆಮೊರಿಯಲ್ಲಿಡುವ ತಾತ್ಕಾಲಿಕ ಸಂಗ್ರಹ) ಇದೆ. ಮೂಲ ಮೈಎಸ್‌ಕ್ಯೂಎಲ್ ಡೇಟಾಬೇಸ್ ಮುಂಬೈಯಲ್ಲಿದೆ, ಅದರ ರೆಪ್ಲಿಕಾ (ಮೂಲವನ್ನು ಅನುಸರಿಸುವ ಪ್ರತಿ) ಹೈದರಾಬಾದಿನಲ್ಲಿದೆ. ಬೆಲೆ ಬದಲಿಸಿದರೂ ಹೈದರಾಬಾದಿನ ಗ್ರಾಹಕರಿಗೆ ಹಳೆಯದೇ ಕಾಣುತ್ತದೆ. ಮುಂಬೈ ಕ್ಯಾಶನ್ನು ಅಲ್ಲಿಗೆ ನಕಲು ಮಾಡುತ್ತಿದ್ದರೆ ಸರಿಹೋಗುವುದೇ?

ಉತ್ತರ: ದಯವಿಟ್ಟು ನಕಲು ಮಾಡಬೇಡಿ. ಕ್ಯಾಶ್ ಎಂಬುದೇ ಒಂದು ನಕಲು. ನಕಲಿಗೊಂದು ನಕಲು ತೆಗೆಯುತ್ತ ಹೋದರೆ ಯಾವುದು ನಿಜವೆಂದು ಪತ್ತೆ ಹಚ್ಚುವುದೇ ಕಷ್ಟವಾಗುತ್ತದೆ. ಹಳೆಯ ಬೆಲೆಯನ್ನು ಅಳಿಸುವ ಸೂಚನೆಯನ್ನಷ್ಟೇ ಕಳುಹಿಸಿ.

ಅದರಲ್ಲೂ ಒಂದು ಅಪಾಯವಿದೆ. 500 ರೂಪಾಯಿಯ ಸೀರೆಯ ಬೆಲೆಯನ್ನು 450 ಮಾಡಿದಿರಿ ಎನ್ನೋಣ. ಅಳಿಸುವ ಸೂಚನೆ ಹೈದರಾಬಾದಿಗೆ ಬೇಗ ತಲುಪಿತು, 450 ಮಾತ್ರ ಅಲ್ಲಿನ ರೆಪ್ಲಿಕಾಗೆ ಇನ್ನೂ ಬಂದಿಲ್ಲ. ಆ ನಡುವೆ ಗ್ರಾಹಕರೊಬ್ಬರು ಪುಟ ತೆರೆಯುತ್ತಾರೆ. ಕ್ಯಾಶ್ ಖಾಲಿ ಇರುವುದರಿಂದ ಸರ್ವರ್ ರೆಪ್ಲಿಕಾವನ್ನು ಓದಿ 500ನ್ನೇ ಮತ್ತೆ ತುಂಬಿಸುತ್ತದೆ. ಸೂಚನೆ ಬಂದು ಹೋಗಿದೆ, ಮತ್ತೆ ಬರುವುದಿಲ್ಲ. ಕ್ಯಾಶಿನಲ್ಲಿ ಅದಕ್ಕಿಟ್ಟ ಅವಧಿ ಮುಗಿಯುವವರೆಗೆ 500 ಅಲ್ಲಿಂದ ಕದಲುವುದಿಲ್ಲ. ನಿಮ್ಮಲ್ಲಿ ಆಗುತ್ತಿರುವುದೂ ಇದೇ ಇದ್ದೀತು.

ಫೇಸ್‌ಬುಕ್ ಎಂಜಿನಿಯರ್‌ಗಳು 2013ರ ಪ್ರಬಂಧದಲ್ಲಿ ವಿವರಿಸಿದ ಪರಿಹಾರ ನನಗೆ ಇಂದಿಗೂ ಮೆಚ್ಚುಗೆ. ಅಳಿಸಬೇಕಾದ ಕೀಲಿ (ಕ್ಯಾಶಿನಲ್ಲಿ ಮೌಲ್ಯವನ್ನು ಗುರುತಿಸುವ ಹೆಸರು) ಡೇಟಾಬೇಸಿನ ಬದಲಾವಣೆಯ ಜೊತೆಯಲ್ಲೇ ಪ್ರಯಾಣ ಮಾಡುತ್ತದೆ. ಎಂಸಿಸ್ಕ್ವೀಲ್ ಎಂಬ ಪ್ರೋಗ್ರಾಂ ಆಯಾ ಊರಿನ ಡೇಟಾಬೇಸ್ ದಾಖಲೆಯನ್ನು ಓದಿ, ಬದಲಾವಣೆ ಬಂದ ಮೇಲೆಯೇ ಅಲ್ಲಿನ ಕ್ಯಾಶಿನಿಂದ ಅಳಿಸುತ್ತದೆ. ನೀವೂ ಹೈದರಾಬಾದಿನ ರೆಪ್ಲಿಕಾದ ಬಿನ್‌ಲಾಗನ್ನೇ (ಬದಲಾವಣೆಗಳ ದಾಖಲೆ) ಓದಿಸಿ. ಡೇಟಾಬೇಸಿನ ಬದಲಾವಣೆಗಳನ್ನು ಹಿಡಿದು ರವಾನಿಸುವ ಡೆಬೀಜಿಯಂ ಎಂಬ ತಂತ್ರಾಂಶ ಈ ಕೆಲಸಕ್ಕೆ ಒದಗುತ್ತದೆ. ಬಂದ ಬದಲಾವಣೆಯನ್ನು ರೆಪ್ಲಿಕಾ ತನ್ನ ಬಿನ್‌ಲಾಗಿನಲ್ಲೂ ಬರೆಯಬೇಕು. ಈ ಆಯ್ಕೆ ಮೈಎಸ್‌ಕ್ಯೂಎಲ್ 8.0ರಲ್ಲಿ ತಾನಾಗಿ ಚಾಲೂ ಇರುತ್ತದೆ, 5.7ರಲ್ಲಿ ನೀವೇ ಹಾಕಬೇಕು. ಹೀಗಿದ್ದೂ ಅಪರೂಪಕ್ಕೊಮ್ಮೆ ಹಳೆಯ ಬೆಲೆ ನುಸುಳಬಹುದು. ಆದ್ದರಿಂದ ಬೆಲೆಯ ಕೀಲಿಗಳಿಗೆ ಅವಧಿ ಚಿಕ್ಕದಾಗಿರಲಿ.

ರೆಡಿಸ್‌ನ ಸ್ವಂತ ರೆಪ್ಲಿಕೇಷನ್ (ಒಂದು ರೆಡಿಸನ್ನು ಇನ್ನೊಂದಕ್ಕೆ ನಕಲಿಸುವ ಸೌಲಭ್ಯ) ಇಲ್ಲಿಗೆ ಒಗ್ಗುವುದಿಲ್ಲ. ಸಂಪರ್ಕ ಕಡಿದಾಗ ಬಾಕಿ ಬದಲಾವಣೆಗಳಿಗೆ ಅದು ಇಟ್ಟಿರುವ ಜಾಗ ಮೂಲತಃ 1 ಎಂಬಿ ಮಾತ್ರ. ಅದು ಮೀರಿದರೆ ಇಡೀ ಡೇಟಾ ಮೊದಲಿನಿಂದ ಸಾಗಬೇಕಾಗುತ್ತದೆ.

ಮುಂಬೈ ಪೂರ್ತಿ ಕೈಕೊಟ್ಟಾಗ ಹೈದರಾಬಾದು ಬಿಸಿ (ಮೊದಲೇ ತುಂಬಿದ) ಕ್ಯಾಶಿನೊಂದಿಗೆ ಸಿದ್ಧವಿರಬೇಕು ಎಂಬುದಾದರೆ ಮಾತ್ರ ನಕಲಿಗೆ ಅರ್ಥವಿದೆ. ನೆಟ್‌ಫ್ಲಿಕ್ಸ್‌ನ ಇವಿಕ್ಯಾಶ್ ಎಂಬ ಕ್ಯಾಶ್ ವ್ಯವಸ್ಥೆ ಹಾಗೆ ಮಾಡುತ್ತದೆ. ಅಲ್ಲಿಯೂ ಕಾಫ್ಕಾ (ಸಂದೇಶ ಸಾಗಿಸುವ ವ್ಯವಸ್ಥೆ) ಸಂದೇಶದಲ್ಲಿ ಹೋಗುವುದು ಕೀಲಿಯೇ ಹೊರತು ಮೌಲ್ಯವಲ್ಲ. ಕಳುಹಿಸುವ ಹೊತ್ತಿಗೆ ಮೌಲ್ಯವನ್ನು ಹೊಸದಾಗಿ ಓದಿಕೊಳ್ಳಲಾಗುತ್ತದೆ.