ವೋಟಿಂಗ್ ಮಷೀನಿಗೆ ನೆಟ್ಟೇ ಇಲ್ಲ, ಮತ್ತೆ ಹ್ಯಾಕ್ ಭಯ ಯಾಕೆ?

ಚುನಾವಣೆ ಮೇಲೆ ಸೈಬರ್ ದಾಳಿ ಆದ್ರೆ ಎದುರಿಸೋಕೆ ಸರ್ಕಾರಗಳು ರೆಡಿ ಇದಾವಾ, ಈ ವಿಷಯಕ್ಕೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನ ಇಲ್ಲಿ ತಗೊಂಡಿದೀನಿ. ಒಂದೇ ಥರದ್ದನ್ನ ಸೇರಿಸಿಬಿಟ್ಟಿದೀನಿ, ಬೈದು ಬರೆದವ್ರದ್ದೂ ಇದೆ.

ಪ್ರಶ್ನೆ: ಸರ್, ವೋಟಿಂಗ್ ಮಷೀನಿಗೆ ಇಂಟರ್ನೆಟ್ಟೇ ಇಲ್ಲ ಅಂತ ನೀವೇ ಹೇಳ್ತೀರಿ. ಕೆಲವು ದೇಶದಲ್ಲಿ ಮಷೀನೂ ಇಲ್ಲ, ಬರೀ ಕಾಗದ. ಹಂಗಿದ್ಮೇಲೆ ಹ್ಯಾಕ್ ಮಾಡೋದು ಏನನ್ನ? ಸುಮ್ನೆ ಹೆದರಿಸೋದ್ಯಾಕೆ?

ಉತ್ತರ: ಕಾಗದದಲ್ಲಿ ವೋಟ್ ಹಾಕಿದ ದೇಶದ ಕಥೆನೇ ಕೇಳಿ. 2014ರ ಮೇ 25ಕ್ಕೆ ಉಕ್ರೇನಲ್ಲಿ ಅಧ್ಯಕ್ಷರ ಚುನಾವಣೆ ಇತ್ತು. ಇನ್ನು ಮೂರು ದಿನ ಇದೆ ಅನ್ನೋವಾಗ ಅಲ್ಲಿನ ಕೇಂದ್ರ ಚುನಾವಣಾ ಆಯೋಗದ ನೆಟ್‌ವರ್ಕ್ ಒಳಗೆ ನುಗ್ಗಿ ಸಿಸ್ಟಮ್ ಕೆಡಿಸಿಟ್ರು, ಸೈಬರ್‌ಬೆರ್ಕುಟ್ ಅನ್ನೋ ರಷ್ಯಾ ಪರ ಗುಂಪು ಇದು ನಮ್ದೇ ಕೆಲಸ ಅಂತ ಹೇಳ್ಕೊಂಡ್ತು. ಬ್ಯಾಕಪ್ ಇತ್ತು, ರಾತ್ರಿ ಹಗಲು ಕೂತು ಎಬ್ಬಿಸಿ ನಿಲ್ಲಿಸಿದ್ರು. ಆದ್ರೆ ಕಥೆ ಅಲ್ಲಿಗೆ ಮುಗೀಲಿಲ್ಲ. ಮತದಾನದ ದಿನ ಫಲಿತಾಂಶ ಹೊರಗೆ ಬಿಡೋಕೆ ಒಂದು ಗಂಟೆಗಿಂತ ಕಮ್ಮಿ ಟೈಮ್ ಇದ್ದಾಗ ಇನ್ನೊಂದು ವೈರಸ್ ಕೈಗೆ ಸಿಕ್ತು, ಅದು ಹಂಗೇ ಇದ್ದಿದ್ರೆ ಆಯೋಗದ ವೆಬ್‌ಸೈಟಲ್ಲಿ ದ್ಮಿತ್ರೋ ಯಾರೋಶ್ ಅನ್ನೋ ಬಲಪಂಥೀಯ ಅಭ್ಯರ್ಥಿ 37% ತಗೊಂಡು ಮುಂದಿದಾರೆ ಅಂತ ತೋರಿಸೋದು. ಅದನ್ನ ಕಿತ್ತು ಹಾಕಿದ್ರು. ತಮಾಷೆ ಏನಂದ್ರೆ ಅವತ್ತು ರಾತ್ರಿ ರಷ್ಯಾದ ಚಾನೆಲ್ ಒನ್ ಅದೇ 37% ಚಿತ್ರನ ಆಯೋಗದ ವೆಬ್‌ಸೈಟದ್ದು ಅಂತ ಟಿವಿಲಿ ತೋರಿಸೇಬಿಡ್ತು! ನಿಜವಾಗಿ ಯಾರೋಶ್‌ಗೆ ಬಂದಿದ್ದು 1% ಕೂಡ ಇಲ್ಲ.

ಅಂದ್ರೆ ಒಂದು ವೋಟನ್ನೂ ಮುಟ್ಟೋದು ಬೇಕಿರ್ಲಿಲ್ಲ. ಆಯೋಗದ ಬಾಯಲ್ಲೇ ಸುಳ್ಳು ಹೇಳಿಸಿ, ಮಾರನೇ ದಿನ ಆಯೋಗ ಇಲ್ಲ ಇಲ್ಲ ಅದು ತಪ್ಪು ಅಂದ್ರೂ ಯಾರೂ ನಂಬದೇ ಇರೋ ಹಾಗೆ ಮಾಡಿದ್ರೆ ಸಾಕಿತ್ತು. ಮಷೀನ್ ಬಿಟ್ಟು ಮತದಾರರ ಪಟ್ಟಿ, ಸರ್ವರ್, ಇಮೇಲ್, ಫಲಿತಾಂಶದ ವೆಬ್‌ಸೈಟ್, ಪಕ್ಷದ ಆಫೀಸಿನ ಕಂಪ್ಯೂಟರ್ ಇಷ್ಟೂ ಚುನಾವಣೆಯ ಭಾಗನೇ.

ಪ್ರಶ್ನೆ: ಮತದಾರರ ಪಟ್ಟಿ ಕದ್ರೆ ಏನ್ ಮಹಾ ಆಗುತ್ತೆ? ಹೆಸರು, ವಿಳಾಸ ಎಲ್ಲರಿಗೂ ಗೊತ್ತಿರೋದೇ ತಾನೇ?

ಉತ್ತರ: ಕದಿಯೋದು ಬೇರೆ, ತಿದ್ದೋದು ಬೇರೆ. ತಿದ್ದಿದ್ರೆ ಮತಗಟ್ಟೆಗೆ ಹೋದಾಗ ನಿಮ್ಮ ಹೆಸರೇ ಇರಲ್ಲ, ಕ್ಯೂ ಬೆಳೆಯುತ್ತೆ, ಜಗಳ ಆಗುತ್ತೆ, ಒಂದಷ್ಟು ಜನ ಹಾಳಾಗ್ ಹೋಗ್ಲಿ ಅಂತ ವಾಪಸ್ ಹೋಗ್ತಾರೆ. 2016ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಪಟ್ಟಿಯೊಳಗೆ ರಷ್ಯಾದವ್ರು ನುಗ್ಗಿದ್ರು, ವೋಟು ಬದಲಾದ ಸಾಕ್ಷಿ ಸಿಗ್ಲಿಲ್ಲ, ಆದ್ರೆ ಒಳಗೆ ಹೋಗೋ ದಾರಿ ಇದೆ ಅನ್ನೋದು ಗೊತ್ತಾಯ್ತು. ಅದಕ್ಕೇ ಪಟ್ಟಿದು ಆಗಾಗ ತೆಗೆದ ಪ್ರತಿ ನೆಟ್ಟಿಗೆ ಸೇರದ ಜಾಗದಲ್ಲಿ ಇರ್ಬೇಕು, ಯಾರು ಯಾವಾಗ ಏನ್ ತಿದ್ದಿದ್ರು ಅನ್ನೋ ದಾಖಲೆ ಇರ್ಬೇಕು, ಮತಗಟ್ಟೆಲಿ ಪ್ರಿಂಟ್ ತೆಗೆದಿದ್ದು ಇರ್ಬೇಕು. ದೊಡ್ಡ ತಂತ್ರಜ್ಞಾನ ಏನಲ್ಲ.

ಇನ್ನು ಬರೀ ಕದಿಯೋದರ ವಿಷಯಕ್ಕೆ ಬಂದ್ರೆ ಬ್ರಿಟನ್ನಿನ ಚುನಾವಣಾ ಆಯೋಗದ ಕಥೆ ಓದಿದ್ರೆ ತಲೆ ಚಚ್ಕೋಬೇಕು ಅನ್ಸುತ್ತೆ. 2021ರ ಆಗಸ್ಟಲ್ಲೇ ಹ್ಯಾಕರ್‌ಗಳು ಸಿಸ್ಟಮ್ ಒಳಗೆ ಬಂದಿದ್ರು, ಅದು ಆಯೋಗಕ್ಕೆ ಗೊತ್ತಾಗಿದ್ದು 2022ರ ಅಕ್ಟೋಬರಲ್ಲಿ, ಜನಕ್ಕೆ ಹೇಳಿದ್ದು 2023ರ ಆಗಸ್ಟಲ್ಲಿ. ಸುಮಾರು 4 ಕೋಟಿ ಜನರ ವಿವರ ಅವ್ರ ಕೈಗೆ ಸಿಗೋ ಹಾಗಿತ್ತು. ಮೇಲ್ ಸರ್ವರ್‌ನಲ್ಲಿದ್ದ ತೂತು ಮುಚ್ಚೋ ಅಪ್‌ಡೇಟು ದಾಳಿಗೆ ತಿಂಗಳುಗಳ ಮುಂಚೆನೇ ಬಂದಿತ್ತು, ಹಾಕಿರ್ಲಿಲ್ಲ. ಎಷ್ಟೋ ಜನ ನೌಕರರು ಅಕೌಂಟ್ ಮಾಡಿಕೊಟ್ಟಾಗ ಕೊಟ್ಟಿದ್ದ ಪಾಸ್‌ವರ್ಡನ್ನೇ ಇಟ್ಕೊಂಡಿದ್ರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರು ಅಂತಾರಲ್ಲ, ಅದೇ.

ಪ್ರಶ್ನೆ: ಈ ಕಾಲದಲ್ಲಿ ಮತ್ತೆ ಕಾಗದ, ಕೈ ಎಣಿಕೆ ಅನ್ನೋದು ಹಿಂದಕ್ಕೆ ಹೋದಂಗಲ್ವಾ? ಎಸ್ಟೋನಿಯಾದವ್ರು ಮನೇಲೇ ಕೂತು ಆನ್‌ಲೈನಲ್ಲಿ ವೋಟ್ ಹಾಕ್ತಾರಂತೆ.

ಉತ್ತರ: ಹಾಕ್ತಾರೆ, 2005ರಿಂದ. 2023ರ ಸಂಸತ್ ಚುನಾವಣೇಲಿ ಅರ್ಧಕ್ಕಿಂತ ಜಾಸ್ತಿ ವೋಟು ಆನ್‌ಲೈನೇ. ಆದ್ರೆ ಅವ್ರಿಗೆ ಡಿಜಿಟಲ್ ಗುರುತಿನ ಚೀಟಿ ಇದೆ, ಯಾರಾದ್ರೂ ಹೆದರಿಸಿ ವೋಟ್ ಹಾಕಿಸಿದ್ರೆ ಆಮೇಲೆ ಮತ್ತೆ ಹಾಕ್ಬೋದು, ಕೊನೇದೇ ಲೆಕ್ಕ, ಕಾಗದದಲ್ಲಿ ಹಾಕಿದ್ರೆ ಆನ್‌ಲೈನದ್ದು ರದ್ದು. 2007ರಲ್ಲಿ ದೇಶದ ಬ್ಯಾಂಕು, ಪೇಪರು, ಸರ್ಕಾರಿ ಸೈಟು ಎಲ್ಲಾ ದಾಳಿಗೆ ಮಲಗಿದ್ದನ್ನ ನೋಡಿ ಪಾಠ ಕಲಿತವ್ರು ಅವ್ರು. ಇಷ್ಟೆಲ್ಲಾ ಇಲ್ದೇ ಆ್ಯಪ್ ಒಂದನ್ನ ತಂದು ಬಿಟ್ರೆ ಎಸ್ಟೋನಿಯಾ ಆಗಲ್ಲ. ಫ್ರಾನ್ಸ್ 2017ರಲ್ಲಿ ಹೊರದೇಶದಲ್ಲಿರೋ ತನ್ನ ಜನಕ್ಕೆ ಕೊಡ್ಬೇಕಿದ್ದ ಆನ್‌ಲೈನ್ ವೋಟನ್ನ ಅಪಾಯ ಅಂತ ಕೈಬಿಡ್ತು. ಅದೇ ವರ್ಷ ನೆದರ್ಲೆಂಡ್ಸಲ್ಲಿ ಮೊತ್ತ ಕೂಡೋ ಸಾಫ್ಟ್‌ವೇರ್ ಭದ್ರವಾಗಿಲ್ಲ ಅಂತ ಗೊತ್ತಾಗಿ, ಚುನಾವಣೆಗೆ ಆರು ವಾರ ಇದ್ದಾಗ ಸರ್ಕಾರನೇ ಬಂದು ಈ ಸಲ ಕೈಲೇ ಲೆಕ್ಕ ಅಂತ ಘೋಷಣೆ ಮಾಡ್ತು. ಹಿಂದುಳಿದ ದೇಶಗಳಾ ಇವು?

ಜರ್ಮನಿಯ ಸಾಂವಿಧಾನಿಕ ಕೋರ್ಟು 2009ರಲ್ಲಿ ಹೇಳಿದ್ದು ನಂಗೆ ತುಂಬಾ ಇಷ್ಟ. ತಾಂತ್ರಿಕ ಜ್ಞಾನ ಇಲ್ಲದ ಸಾಮಾನ್ಯ ಪ್ರಜೆಗೂ ಎಣಿಕೆ ಸರಿ ಇದೆಯಾ ಅಂತ ಪರೀಕ್ಷೆ ಮಾಡೋಕೆ ಆಗ್ಬೇಕು, ಆಗ ಬಳಸಿದ್ದ ಮಷೀನುಗಳಲ್ಲಿ ಅದು ಆಗಲ್ಲ ಅಂತ ಅವನ್ನ ಅಸಾಂವಿಧಾನಿಕ ಅಂದ್ಬಿಡ್ತು.

ಕಾಗದ ಇದ್ರೆ ಸಾಲದು, ಅದನ್ನ ತೆಗೆದು ನೋಡ್ಬೇಕು. ಭಾರತದಲ್ಲಿ ವಿವಿಪ್ಯಾಟ್ ಚೀಟಿ ಇದೆ, ಅಂದ್ರೆ ವೋಟ್ ಯಾರಿಗೆ ಬಿತ್ತು ಅಂತ ಪ್ರಿಂಟ್ ಆಗೋ ಕಾಗದ, ಆದ್ರೆ ಅದನ್ನ ಮಷೀನಿನ ಲೆಕ್ಕದ ಜೊತೆ ತಾಳೆ ನೋಡೋದು ಒಂದು ವಿಧಾನಸಭಾ ಕ್ಷೇತ್ರಕ್ಕೆ 5 ಮತಗಟ್ಟೆಯದ್ದು, ಎಲ್ಲಾ ತಾಳೆ ನೋಡಿ ಅನ್ನೋ ಬೇಡಿಕೆನ ಸುಪ್ರೀಂ ಕೋರ್ಟ್ 2024ರ ಏಪ್ರಿಲ್ 26ಕ್ಕೆ ಒಪ್ಲಿಲ್ಲ. ಅಮೆರಿಕದ ಕೊಲೊರಾಡೊದಲ್ಲಿ 2017ರಿಂದ ಬೇರೆ ಥರ, ಅಲ್ಲಿ ಎಷ್ಟು ಮತಪತ್ರ ತೆಗೆದು ನೋಡ್ಬೇಕು ಅನ್ನೋದು ಗೆಲುವಿನ ಅಂತರದ ಮೇಲೆ ಹೋಗುತ್ತೆ, ಅಂತರ ಕಮ್ಮಿ ಇದ್ದಷ್ಟೂ ಜಾಸ್ತಿ. ಲಕ್ಷ ವೋಟಲ್ಲಿ ಗೆದ್ದವನಿಗೂ ನೂರು ವೋಟಲ್ಲಿ ಗೆದ್ದವನಿಗೂ ಒಂದೇ ಅಳತೆ ಅನ್ನೋದಕ್ಕಿಂತ ಇದು ನಂಗೆ ಸರಿ ಅನ್ಸುತ್ತೆ.

ಪ್ರಶ್ನೆ: ಅಧಿಕಾರದಲ್ಲಿರೋ ಪಕ್ಷದ್ದೇ ಸರ್ಕಾರ. ದಾಳಿ ಆಗಿದೆ ಅಂತ ಅವ್ರೇ ಹೇಳಿದ್ರೆ ನಂಬೋದು ಹೆಂಗೆ? ಸೋಲ್ತೀವಿ ಅಂತ ಗೊತ್ತಾಗಿ ನಾಟಕ ಆಡ್ಬೋದಲ್ವಾ?

ಉತ್ತರ: ಬಂದ ಪ್ರಶ್ನೆಗಳಲ್ಲಿ ನಂಗೆ ಇದೇ ಎಲ್ಲಕ್ಕಿಂತ ಕಷ್ಟದ್ದು. ಹೇಳಿದ್ರೆ ಪ್ರಚಾರಕ್ಕೆ ಹೇಳಿದ್ರು ಅಂತಾರೆ, ಹೇಳದಿದ್ರೆ ಮುಚ್ಚಿಟ್ರು ಅಂತಾರೆ. ಕೆನಡಾ 2019ರಲ್ಲಿ ಇದಕ್ಕೊಂದು ವ್ಯವಸ್ಥೆ ಮಾಡ್ತು, ಪ್ರಚಾರದ ಅವಧಿಲಿ ಜನಕ್ಕೆ ಹೇಳ್ಬೇಕಾ ಬೇಡ್ವಾ ಅಂತ ತೀರ್ಮಾನ ಮಾಡೋದು ಮಂತ್ರಿಗಳಲ್ಲ, ಐದು ಜನ ಹಿರಿಯ ಅಧಿಕಾರಿಗಳು. 2019, 2021ರ ಎರಡೂ ಚುನಾವಣೇಲಿ ಆ ಐವರು ಬಾಯಿ ಬಿಡ್ಲಿಲ್ಲ, ಬಿಡ್ಬೇಕಿತ್ತು ಅಂತ ಆಮೇಲೆ ದೊಡ್ಡ ಗಲಾಟೆನೇ ಆಯ್ತು. ಆದ್ರೂ ನಿಯಮ ಮೊದ್ಲೇ ಬರೆದಿಟ್ಟಿದ್ರು ಅನ್ನೋದೇ ಒಂದು ಲಾಭ. ಅಮೆರಿಕದಲ್ಲಿ ಉಲ್ಟಾ ಆಯ್ತು ನೋಡಿ, 2020ರ ಚುನಾವಣೆ ಭದ್ರವಾಗಿತ್ತು ಅಂದಿದ್ದಕ್ಕೆ ಸೈಬರ್ ಭದ್ರತಾ ಸಂಸ್ಥೆಯ ಮುಖ್ಯಸ್ಥ ಕ್ರಿಸ್ ಕ್ರೆಬ್ಸ್ ಅವರನ್ನ ಟ್ರಂಪ್ ಕೆಲಸದಿಂದಲೇ ತೆಗೆದ್ರು.

ಪ್ರಶ್ನೆ: ಡೀಪ್‌ಫೇಕ್, ಅಂದ್ರೆ ಎಐ ಬಳಸಿ ಮಾಡೋ ನಕಲಿ ವಿಡಿಯೋ ಆಡಿಯೋ, ಅದೂ ಸೈಬರ್ ದಾಳಿನಾ?

ಉತ್ತರ: ಹ್ಯಾಕಿಂಗ್ ಅಲ್ಲ, ಆದ್ರೆ ಟೈಮಿಂಗ್ ಒಂದೇ. ಸ್ಲೊವಾಕಿಯಾದಲ್ಲಿ 2023ರ ಚುನಾವಣೆಗೆ ಎರಡು ದಿನ ಇದೆ ಅನ್ನೋವಾಗ, ಪ್ರಚಾರ ಬಂದ್ ಆದ ಹೊತ್ತಲ್ಲೇ, ಒಬ್ಬ ನಾಯಕರು ಚುನಾವಣಾ ಅಕ್ರಮದ ಬಗ್ಗೆ ಮಾತಾಡೋ ನಕಲಿ ಆಡಿಯೋ ಹಬ್ಬಿಸಿದ್ರು. ಉತ್ತರ ಕೊಡೋಕೆ ಆಗದ ಹೊತ್ತು ನೋಡಿ ಹೊಡೀತಾರೆ.

ಪ್ರಶ್ನೆ: ಸರ್ವರ್ ಮೇಲೆ ಅನುಮಾನ ಬಂದ್ರೆ ಚುನಾವಣೆ ರದ್ದು ಮಾಡ್ಬೇಕಾ?

ಉತ್ತರ: ಅನುಮಾನಕ್ಕೆಲ್ಲಾ ರದ್ದು ಮಾಡ್ತಾ ಹೋದ್ರೆ ದಾಳಿ ಮಾಡೋರಿಗೆ ಅದೇ ಬೇಕಾಗಿರೋದು. ಆದ್ರೆ ಕೀನ್ಯಾದಲ್ಲಿ 2017ರ ಸೆಪ್ಟೆಂಬರ್ 1ಕ್ಕೆ ಸುಪ್ರೀಂ ಕೋರ್ಟ್ ಅಧ್ಯಕ್ಷರ ಚುನಾವಣೆಯನ್ನ ರದ್ದು ಮಾಡ್ತು, ಹ್ಯಾಕ್ ಆಗಿದ್ದು ಸಾಬೀತಾಯ್ತು ಅಂತಲ್ಲ, ಸರ್ವರ್ ತೋರಿಸಿ ಅಂದ್ರೆ ಆಯೋಗ ಸರಿಯಾಗಿ ತೋರಿಸ್ಲಿಲ್ಲ ಅನ್ನೋದು ಅದರಲ್ಲಿ ದೊಡ್ಡ ಕಾರಣ. ಮುಚ್ಚಿಟ್ಕೊಂಡ್ರು ಅಂದ್ರೆ ಏನೋ ತಪ್ಪಿದೆ ಅಂತಲೇ ಕೋರ್ಟು ಅರ್ಥ ಮಾಡ್ಕೊಂಡ್ತು.

2022ರ ಹೊತ್ತಿಗೆ ಅದೇ ಆಯೋಗ ಬೇರೆ ದಾರಿ ಹಿಡೀತು. ಅಲ್ಲಿ ಪ್ರತಿ ಮತಗಟ್ಟೆಲೂ ಎಣಿಕೆ ಮುಗಿದ ಮೇಲೆ ಫಾರಂ 34ಎ ಅಂತ ಒಂದು ಹಾಳೆ ತುಂಬ್ತಾರೆ, ಯಾರಿಗೆ ಎಷ್ಟು ಅಂತ, ಅದಕ್ಕೆ ಅಧಿಕಾರಿ ಜೊತೆ ಪಕ್ಷದ ಏಜೆಂಟರೂ ಸಹಿ ಹಾಕ್ತಾರೆ. ಆ ಹಾಳೆಗಳ ಫೋಟೋಗಳನ್ನ ಎಲ್ಲರಿಗೂ ಕಾಣೋ ಹಾಗೆ ಪೋರ್ಟಲ್ಲಿಗೆ ಹಾಕಿದ್ರು. ಟಿವಿಯವ್ರು, ಪಕ್ಷದವ್ರು, ಜನಸಾಮಾನ್ಯರು ಎಲ್ಲಾ ತಾವ್ತಾವೇ ಕೂಡಿ ನೋಡಿದ್ರು. ಆ ಸಲನೂ ಸೋತವ್ರು ಕೋರ್ಟಿಗೆ ಹೋದ್ರು, ಆದ್ರೆ ಫಲಿತಾಂಶ ಉಳೀತು.