ಎಣ್ಣೆ ಕುಸ್ತಿಯಲ್ಲಿ ಹಿಡಿಯೋದು ಏನನ್ನು?

ಮೈಗೆಲ್ಲ ಎಣ್ಣೆ ಸುರಿದುಕೊಂಡ ಟರ್ಕಿಯ ಪೈಲ್ವಾನರು ಪಟ್ಟು ಹಾಕೋದು ಹೇಗೆ, ಎದುರಾಳಿಯ ಚಲ್ಲಣದೊಳಗೆ ಕೈ ತೂರಿಸೋದು ಫೌಲ್ ಅಲ್ವಾ ಅಂತ ಕೇಳಿದ್ದೀರಿ. ಫೌಲ್ ಅಲ್ಲ, ಆಟದ ಜೀವಾಳವೇ ಅದು.

ಆ ಚಲ್ಲಣದ ಹೆಸರು ಕಿಸ್ಪೆತ್. ಎಮ್ಮೆ ಅಥವಾ ಕರುವಿನ ಚರ್ಮದ್ದು. ಗಟ್ಟಿ ಹಿಡಿತ ಸಿಗೋದು ಮುಖ್ಯವಾಗಿ ಎರಡು ಕಡೆ: ಸೊಂಟದ ದಪ್ಪ ಪಟ್ಟಿ, ಅಂದರೆ ಕಸ್ನಕ್, ಮೊಣಕಾಲ ಕೆಳಗಿನ ಅಂಚು, ಅಂದರೆ ಪಾಚಾ. ಪಾಚಾದೊಳಗೆ ನಾಲ್ಕು ಬೆರಳು ಹೊಕ್ಕವೋ, ಆ ಕಾಲು ಎದುರಾಳಿಯ ಕೈವಶ. ಅದಕ್ಕೇ ಅಲ್ಲಿ ದಾರ ಸುತ್ತಿ ಬಿಗಿಯಾಗಿ ಕಟ್ಟುತ್ತಾರೆ. ಕಟ್ಟು ಸಡಿಲವಾದರೆ ಮುಗೀತು. ಕಿಸ್ಪೆತ್ ಕಳಚಿಹೋದರಂತೂ ನೇರ ಸೋಲು.

ಎಣ್ಣೆ ಹಚ್ಚೋಕೂ ಕ್ರಮವಿದೆ. ಮೊದಲು ಬಲಗೈಯಿಂದ ಎಡ ಭುಜ, ಎದೆ, ತೋಳು, ಕಿಸ್ಪೆತ್; ಆಮೇಲೆ ಎಡಗೈಯಿಂದ ಬಲಭಾಗ. ಬೆನ್ನು ಕೈಗೆಟುಕದಲ್ಲ, ಅಲ್ಲಿಗೆ ಎದುರಾಳಿಯೇ ಹಚ್ಚಿಕೊಡುತ್ತಾನೆ!

ಎದುರಾಳಿಯ ಹೊಕ್ಕುಳು ಆಕಾಶ ನೋಡುವಂತೆ ಕೆಡವಿದರೆ ಗೆಲುವು; ಎತ್ತಿಕೊಂಡು ಮೂರು ಹೆಜ್ಜೆ ನಡೆದರೂ ಗೆಲುವೇ. ಟರ್ಕಿಯ ಎದಿರ್ನೆ ಊರಲ್ಲಿ ಪ್ರತಿವರ್ಷ ನಡೆಯೋ ಕಿರ್ಕ್‌ಪಿನಾರ್ ಪಂದ್ಯಾವಳಿಯಲ್ಲಿ 1975ರಲ್ಲಷ್ಟೇ ಸಮಯದ ಮಿತಿ ಬಂದದ್ದು. ಅಗ್ರ ದರ್ಜೆಯವರಿಗೆ 40 ನಿಮಿಷ, ಆಗಲೂ ಇತ್ಯರ್ಥವಾಗದಿದ್ದರೆ ಅಂಕಗಳ ಲೆಕ್ಕ. ಅದಕ್ಕೆ ಮುಂಚೆ ಜೋಡಿಗಳು ಕತ್ತಲಾಗುವವರೆಗೆ ಸೆಣಸಿ, ಮರುದಿನ ಮತ್ತೆ ಇಳಿದದ್ದೂ ಉಂಟು. ಅಲ್ಲಿ ಅಗ್ರ ದರ್ಜೆಯಲ್ಲಿ ಸತತ ಮೂರು ವರ್ಷ ಗೆದ್ದವನಿಗೆ, ಬಹುಮಾನವಾಗಿ ಕೊಡೋ ಚಿನ್ನದ ಸೊಂಟಪಟ್ಟಿ ಶಾಶ್ವತವಾಗಿ ಸಿಗುತ್ತದೆ.