ಹಳ್ಳಿಗಳಲ್ಲಿ ನೆರೆಹೊರೆಯವರೇ ಮಾಟಗಾತಿಯೆಂಬ ಆರೋಪ ಹೊರಿಸುತ್ತಿದ್ದದ್ದು ಯಾಕೆ?

ಎಷ್ಟೋ ಕಡೆ ಅದು ಶುರುವಾಗುತ್ತಿದ್ದದ್ದು ಬೇಡಿ ಬಂದವರನ್ನು ಬರಿಗೈಲಿ ಕಳಿಸಿದ ಅಳುಕಿನಿಂದ. ಇಂಗ್ಲೆಂಡಿನ ಪೆಂಡಲ್ ಪ್ರಕರಣವನ್ನೇ ನೋಡಿ. 1612ರ ಮಾರ್ಚ್‌ನಲ್ಲಿ ಅಲಿಝನ್ ಡಿವೈಸ್ ಎಂಬ ಬಡ ಹುಡುಗಿ ದಾರಿಯಲ್ಲಿ ಸಿಕ್ಕ ವ್ಯಾಪಾರಿಯ ಹತ್ತಿರ ಗುಂಡುಸೂಜಿ ಕೇಳಿದಳು. ಅವನು ಕೊಡಲಿಲ್ಲ. ಸ್ವಲ್ಪ ಹೊತ್ತಿಗೇ ಕುಸಿದುಬಿದ್ದ, ಒಂದು ಪಕ್ಕದ ಸ್ವಾಧೀನ ಹೋಯಿತು. ಇವತ್ತಾದರೆ ಲಕ್ವ ಅನ್ನುತ್ತಿದ್ದೆವು. ಆಗ ಶಾಪ ತಟ್ಟಿತೆಂದು ಅಲಿಝನ್ ಕೂಡ ನಂಬಿ ಒಪ್ಪಿಕೊಂಡಳು. ಮಾಟದಿಂದ ಅಂಗ ಊನ ಮಾಡಿದರೂ 1604ರ ಕಾಯ್ದೆಯಲ್ಲಿ ಮರಣದಂಡನೆಯಿತ್ತು. ವಿಚಾರಣೆ ಬೆಳೆದಂತೆ ಊರಿನ ಹಳೆಯ ಸಾವುನೋವುಗಳೆಲ್ಲ ಲೆಕ್ಕಕ್ಕೆ ಬಂದವು.

ಕರುಳು ಹಿಂಡುವುದು ಅವಳ ತಂಗಿ ಜೆನೆಟ್‌ಳ ಸಾಕ್ಷಿ. ಸುಮಾರು ಒಂಬತ್ತು ವರ್ಷದ ಆ ಮಗುವನ್ನು ನ್ಯಾಯಾಲಯದಲ್ಲಿ ಮೇಜಿನ ಮೇಲೆ ನಿಲ್ಲಿಸಿದರು, ಹೆತ್ತ ತಾಯಿಯ ವಿರುದ್ಧ ನುಡಿಸಿದರು. ಆಗಸ್ಟ್ 20ರಂದು ಲ್ಯಾಂಕಾಸ್ಟರ್‌ನಲ್ಲಿ 10 ಮಂದಿಯನ್ನು ಗಲ್ಲಿಗೇರಿಸಲಾಯಿತು. ಅವರಲ್ಲಿ ಜೆನೆಟ್‌ಳ ತಾಯಿ, ಅಣ್ಣ, ಅಕ್ಕ ಮೂವರೂ ಇದ್ದರು.